ಕೆಳಗಿನಿಂದ ಬರುವ ಬಿಸಿಲು

ಹೊರಡುವ ಮುಂಚೆ

ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು ಹೂವಿನ ತೋಟ ನೋಡಿದಿರಾ ಅಂತ. ಇಲ್ಲ. ನಾವು ಹೋದದ್ದು ಜೂನ್‌ನಲ್ಲಿ, ಹೂವಿನ ಕಾಲ ಮುಗಿದಿತ್ತು. ಗಾಳಿಯಂತ್ರವನ್ನಾದರೂ ನೋಡಿದಿರಾ ಅಂತಾರೆ. ಬಸ್ಸಿನಿಂದ ಒಂದು ಕಂಡಿತು, ಅದೂ ನಿಂತಿತ್ತು. ನಮ್ಮ ದುರ್ಗದ ಗುಡ್ಡಗಳ ಮೇಲೆ ಅದರ ನಾಲ್ಕು ಪಟ್ಟು ಎತ್ತರದವು ಸಾಲುಗಟ್ಟಿ ತಿರುಗುತ್ತವೆ. ಹಾಗಾದರೆ ಏನು ನೋಡಿ ಬಂದೆಯಮ್ಮ ಅಂದರೆ, ಬಿಸಿಲು ನೋಡಿ ಬಂದೆ ಅನ್ನುತ್ತೇನೆ. ಚಿತ್ರದುರ್ಗದವಳು ಬಿಸಿಲು ನೋಡಲು ಅಲ್ಲಿಗೆ ಹೋಗಬೇಕಿತ್ತಾ ಎಂದು ನಗುತ್ತಾರೆ. ನಗಲಿ. ಇದು ಬೇರೆ ಬಿಸಿಲು.

ನಾನು ಚಿತ್ರದುರ್ಗದ ಒಂದು ಮೂಳೆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ನೋಡಿಕೊಳ್ಳುವ ಸಿಸ್ಟರ್. ಹೆಸರು ನಾಗರತ್ನ, ಊರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ, ತವರುಮನೆ ತುಂಬ ಕುರಿ. ತೊಡೆ ಮುರಿದವರು, ಸೊಂಟ ಮುರಿದವರು ನಮ್ಮಲ್ಲಿಗೆ ಬರುತ್ತಾರೆ. ಮೂಳೆಗೆ ರಾಡು ಹಾಕುವಾಗ ಒಳಗೇನಾಗುತ್ತಿದೆ ಎಂದು ನೋಡಲು ಟೇಬಲ್ಲಿನ ಪಕ್ಕದಲ್ಲೇ ಒಂದು ಎಕ್ಸ್‌ರೇ ಮಿಷನ್ನು ನಿಂತಿರುತ್ತದೆ. ಅದಕ್ಕೆ ಸಿ-ಆರ್ಮ್ ಅಂತ ಹೆಸರು. ಸಿ ಅಕ್ಷರದ ಹಾಗೆ ಬಾಗಿದ ದೊಡ್ಡ ತೋಳು. ಅದರ ಮೇಲಿನ ತುದಿಯಲ್ಲಿ ಡ್ರಮ್ಮಿನಂಥ ದಪ್ಪ ಡಬ್ಬಿ, ಕೆಳಗಿನ ತುದಿ ಟೇಬಲ್ಲಿನ ಅಡಿಗೆ. ಡಾಕ್ಟರು ಕಾಲಿನಿಂದ ಪೆಡಲ್ ಒತ್ತಿದರೆ ಟಿವಿಯಲ್ಲಿ ಮೂಳೆ ಕಾಣುತ್ತದೆ. ಒತ್ತಿದಷ್ಟು ಹೊತ್ತೂ ಕಿರಣ ಬರುತ್ತಿರುತ್ತದೆ.

ಆ ಕಿರಣವನ್ನು ನಮ್ಮ ಥಿಯೇಟರಿನಲ್ಲಿ ಬಿಸಿಲು ಅಂತಲೇ ಕರೆಯುವುದು. ಹೆಸರಿಟ್ಟವಳು ಓಬಕ್ಕ, ನಮ್ಮ ಆಯಾ. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡುವುದರಿಂದ ರೋಗಿಗಳು ಎಚ್ಚರವಾಗೇ ಇರುತ್ತಾರೆ. ಒಂದು ಸಲ ಆದಿವಾಲದ ಅಜ್ಜನೊಬ್ಬ, "ಅದೇನವ್ವ ಗುಂಯ್ ಅಂತೈತೆ?" ಎಂದು ಗಾಬರಿಯಾದ. "ಬಿಸ್ಲು ಕಣಜ್ಜ, ಕಣ್ಣಿಗೆ ಕಾಣದ ಬಿಸ್ಲು. ನಿನ್ನ ಮೂಳೆ ಒಣಗಾಕ್ತಾವ್ರೆ ಸುಮ್ಕಿರು," ಎಂದಳು ಓಬಕ್ಕ. ಡಾಕ್ಟರು ಮಾಸ್ಕಿನೊಳಗೇ ನಕ್ಕರು. ಮರುದಿನದಿಂದ ಪೆಡಲ್ ಒತ್ತುವ ಮುಂಚೆ ಅವರೇ "ಬಿಸಿಲು!" ಎಂದು ಕೂಗತೊಡಗಿದರು. ಕೂಗಿದ ಕೂಡಲೇ ಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟವರು ನಿಂತಲ್ಲೇ ನಿಲ್ಲುತ್ತಿದ್ದೆವು, ಇಲ್ಲದವರು ನೆರಳಿಗೆ ಹೋಗುತ್ತಿದ್ದರು.

ಓಬಕ್ಕನ ಕೆಲಸವೇ ಬೇರೆ. ಅವಳು ರೋಗಿಯ ಕೈ ಹಿಡಿದುಕೊಳ್ಳುತ್ತಾಳೆ. ಯಾವ ಊರು, ಎಷ್ಟು ಕುರಿ, ಸೊಸೆ ಹೆಂಗೆ ಎಂದು ಮಾತಾಡಿಸುತ್ತ ಇರುತ್ತಾಳೆ. ಅವಳು ಕೈ ಹಿಡಿದರೆ ಎಂಥವರೂ ಅಲುಗಾಡದೆ ಮಲಗುತ್ತಾರೆ. ನಮ್ಮಲ್ಲಿ ಏಪ್ರನ್ ಇದ್ದದ್ದು ಮೂರೇ: ಡಾಕ್ಟರಿಗೊಂದು, ಅವರ ಸಹಾಯಕರಿಗೊಂದು, ನನಗೊಂದು. ಓಬಕ್ಕನಿಗೆ ಏನು ಮಾಡುವುದು? ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನೊಂದು ಗಿಡ್ಡ ಸ್ಟೂಲು ತಂದು, ಟೇಬಲ್ಲಿನ ಆಚೆ ಬದಿಗೆ, ಹಲಗೆಗಿಂತ ಕೆಳಗೆ ಬರುವಂತೆ ಹಾಕಿಕೊಟ್ಟೆ. "ಓಬಕ್ಕ, ನೀನು ಇಲ್ಲಿ ತಗ್ಗಿ ಕುಂತ್ಕ. ಇಲ್ಲಿ ನೆರಳಿರತ್ತೆ," ಎಂದೆ. ಬಿಸಿಲು ಮೇಲಿನಿಂದ ತಾನೆ ಬರುವುದು. ಮೇಲೆ ಅಷ್ಟು ದೊಡ್ಡ ಡ್ರಮ್ಮು ಇದೆ, ಕೆಳಗೆ ಟೇಬಲ್ಲು ಅಡ್ಡ ಇದೆ. ಹನ್ನೊಂದು ವರ್ಷ ಅವಳು ಅಲ್ಲೇ ಕೂತಳು.

ವಿಮಾನ ನಿಲ್ದಾಣದಲ್ಲಿ ನಾವು ಹಾರಿದ್ದು

ನಮ್ಮ ಡಾಕ್ಟರ ಜೊತೆ ಓದಿದವರೊಬ್ಬರು ಆ ದೇಶದ ಒಂದು ಆಸ್ಪತ್ರೆಯಲ್ಲಿದ್ದಾರೆ. ಅಲ್ಲಿ ಕಿರಣವನ್ನು ಕಣ್ಣಿಗೆ ಕಾಣಿಸುವ ಒಂದು ಕನ್ನಡಕವನ್ನು ಪರೀಕ್ಷೆ ಮಾಡುತ್ತಿದ್ದರಂತೆ. ಸಣ್ಣ ಊರಿನ ಆಸ್ಪತ್ರೆಯವರು ಹಾಕಿಕೊಂಡರೆ ಏನನ್ನುತ್ತಾರೆ ಎಂದು ನೋಡಲು ಇಬ್ಬರನ್ನು ಕರೆದರು. ಹೀಗೆ ನಾನೂ ನಮ್ಮ ಎಕ್ಸ್‌ರೇ ಟೆಕ್ನಿಷಿಯನ್ ತಿಪ್ಪೇಸ್ವಾಮಿಯೂ ಹೊರಟೆವು. ತಿಪ್ಪೇಸ್ವಾಮಿ ಹೊಳಲ್ಕೆರೆ ಕಡೆಯವನು, ಹೊರಕೆರೆದೇವಪುರ. ಎರಡು ಮಕ್ಕಳ ತಂದೆ, ನಮ್ಮಲ್ಲಿಗೆ ಬಂದು ಎರಡು ವರ್ಷ. ಮಾತು ಕಮ್ಮಿ, ತಿನ್ನುವುದು ಜಾಸ್ತಿ. ಅವನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ನನ್ನ ಸೂಟ್‌ಕೇಸಿಗಿಂತ ಭಾರವಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳನ್ನು ಬೆಲ್ಟಿನ ಮೇಲೆ ಇಟ್ಟೆವು. ಬ್ಯಾಗು ಒಳಗೆ ಹೋದದ್ದೇ ಮಿಷನ್ನು ಗುಂಯ್ ಎಂದಿತು. ಅಷ್ಟೇ, ತಿಪ್ಪೇಸ್ವಾಮಿ "ಸಿಸ್ಟ್ರೇ, ಬಿಸಿಲು!" ಎಂದ, ಇಬ್ಬರೂ ಎರಡು ಹೆಜ್ಜೆ ಹಿಂದಕ್ಕೆ ಹಾರಿದೆವು. ಹಿಂದೆ ನಿಂತಿದ್ದವರೂ ಏನೋ ಆಗಿಹೋಯಿತು ಎಂದು ಹಾರಿದರು. ಸೆಕ್ಯುರಿಟಿಯವರು ನಮ್ಮಿಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿ ಗಂಟು ಬಿಚ್ಚಿಸಿದರು. ಚಟ್ನಿಪುಡಿಯ ಡಬ್ಬಿ ತೆರೆದ ಅಧಿಕಾರಿ ಸೀನಿದ್ದು ಸೀನಿದ್ದೇ. ನಾವು ಆಸ್ಪತ್ರೆಯವರು, ಅಭ್ಯಾಸಬಲ ಎಂದು ನಾನು ವಿವರಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ವಿಮಾನದಲ್ಲಿ ಕೂತ ಮೇಲೆ ತಿಪ್ಪೇಸ್ವಾಮಿ ಒಂದು ಗಂಟೆ ನನ್ನ ಮುಖ ನೋಡಲಿಲ್ಲ.

ಪರದೆ ಇಲ್ಲದ ಊರು

ನಾವಿಳಿದ ಊರಿನ ಬೀದಿ ಬೀದಿಯಲ್ಲೂ ಕಾಲುವೆ. ವಾಣಿವಿಲಾಸ ಸಾಗರದ ನಾಲೆಗೆ ನೀರು ಬಿಟ್ಟರೆ ಓಡಿ ಹೋಗಿ ನೋಡುವ ನಾವು, ಮನೆ ಬಾಗಿಲಲ್ಲೇ ನೀರು ಸುಮ್ಮನೆ ನಿಂತಿರುವುದನ್ನು ನೋಡಿ ಬೆಪ್ಪಾದೆವು. ಅದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಅಲ್ಲಿನ ಕಿಟಕಿಗಳು. ಆಳೆತ್ತರದ ಗಾಜು, ಪರದೆ ಇಲ್ಲ. ರಸ್ತೆಯಲ್ಲಿ ನಡೆಯುತ್ತಿದ್ದರೆ ಒಳಗೆ ಊಟ ಮಾಡುವವರು, ಬಟ್ಟೆ ಮಡಚುವವರು, ಜಗಳವಾಡುವವರು ಎಲ್ಲರೂ ಕಾಣುತ್ತಾರೆ. ನಾನು ಮರ್ಯಾದೆಗೆ ಮುಖ ಆಚೆ ತಿರುಗಿಸಿಕೊಂಡು ನಡೆದರೆ ಆಚೆ ಬದಿಯ ಮನೆಯವರು ಕಾಣುತ್ತಿದ್ದರು.

ನಮ್ಮನ್ನು ನೋಡಿಕೊಳ್ಳಲು ನೇಮಿಸಿದ್ದವಳು ಮರೈಕೆ. ನನ್ನ ಹಾಗೇ ಥಿಯೇಟರ್ ಸಿಸ್ಟರ್, ನನ್ನದೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ. ಸೈಕಲ್ಲಿನಲ್ಲಿ ಬಂದು, ಕೈ ಕುಲುಕಿ, "ನಿಮ್ಮ ಸೂಟ್‌ಕೇಸು ತುಂಬ ಹಳೆಯದು, ಗಾಲಿ ಮುರಿಯುತ್ತದೆ," ಎಂದಳು. ಅದೇ ಅವಳ ಮೊದಲ ಮಾತು. ಸಂಜೆ ಗಾಲಿ ಮುರಿಯಿತು. ಅವರ ಮನೆಯಲ್ಲಿ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದಳು. ನಾವು ಒಂದೊಂದು ತೆಗೆದುಕೊಂಡೆವು. ಡಬ್ಬಿಯ ಮುಚ್ಚಳ ಹಾಕಿ ಕಪಾಟಿನೊಳಗೆ ಇಟ್ಟುಬಿಟ್ಟಳು. ತಿಪ್ಪೇಸ್ವಾಮಿ ಆ ಕಪಾಟನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಇನ್ನೊಂದು ತಗೊಳ್ಳಿ ಎಂದು ಬಲವಂತ ಮಾಡುವುದು ಅವರಿಗೆ ಗೊತ್ತಿಲ್ಲ. ಬೇಕಿದ್ದರೆ ಬೇಕು ಅನ್ನಬೇಕು, ಬೇಡವಾದರೆ ಬೇಡ ಅನ್ನಬೇಕು, ಅಷ್ಟೇ.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು, ತಣ್ಣನೆಯ ಚೀಸು. ತಿಪ್ಪೇಸ್ವಾಮಿ ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡ. ಮರೈಕೆ ತಾನೂ ಕೇಳಿ ತಿಂದಳು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಒರೆಸಿಕೊಂಡು, "ಚೆನ್ನಾಗಿಲ್ಲ. ಇನ್ನೊಂದು ಚೂರು ಕೊಡಿ," ಎಂದಳು.

ಕನ್ನಡಕ

ಕನ್ನಡಕ ಅಂದೆನಲ್ಲ, ಅದು ಹೆಲ್ಮೆಟ್ಟಿಗೇ ಹತ್ತಿರ. ನನ್ನ ತುರುಬಿನ ದೆಸೆಯಿಂದ ಪಟ್ಟಿ ಕೂರಲೇ ಇಲ್ಲ. ಕೊನೆಗೆ ಅಷ್ಟು ಜನರೆದುರು ತುರುಬು ಬಿಚ್ಚಿ ಜಡೆ ಹಾಕಿಕೊಂಡು ಬಂದೆ. ಕೋಣೆ ನಮ್ಮ ಥಿಯೇಟರಿನ ಹಾಗೇ ಇತ್ತು: ಟೇಬಲ್ಲು, ಸಿ-ಆರ್ಮು, ಮೇಲೆ ಮಲಗಿಸಿದ್ದ ಒಂದು ಪ್ಲಾಸ್ಟಿಕ್ಕಿನ ರೋಗಿ. ಇಲ್ಲಿ ನಿಜವಾದ ಕಿರಣ ಒಂದು ಚೂರೂ ಬರುವುದಿಲ್ಲ ಎಂದು ಮರೈಕೆ ಮೊದಲೇ ಹೇಳಿದಳು. ಪೆಡಲ್ ಒತ್ತಿದರೆ, ಈ ಮಿಷನ್ನು ಈ ಕೋನದಲ್ಲಿದ್ದಾಗ ಕಿರಣ ಎಲ್ಲೆಲ್ಲಿಗೆ ಎಷ್ಟೆಷ್ಟು ಹರಡುತ್ತದೆ ಎಂದು ಕಂಪ್ಯೂಟರು ಎಣಿಸಿ, ಕನ್ನಡಕದ ಗಾಜಿನ ಮೇಲೆ ಬಣ್ಣದಲ್ಲಿ ಬಿಡಿಸುತ್ತದಂತೆ. ಎದುರಿನ ಕೋಣೆ ಇದ್ದ ಹಾಗೇ ಕಾಣುತ್ತದೆ, ಅದರೊಳಗೆ ಕಾಣದ್ದೂ ಕಾಣುತ್ತದೆ. ಮಿಶ್ರ ವಾಸ್ತವ ಅನ್ನುತ್ತಾರೆ. ಇದನ್ನೆಲ್ಲ ಕೇಳಿಕೊಂಡು, ಆಯಿತು ಏನೋ ಸಿನಿಮಾ ತೋರಿಸುತ್ತಾರೆ ಎಂದುಕೊಂಡೆ.

ಅವಳು ಪೆಡಲ್ ಒತ್ತಿದಳು.

ಪ್ಲಾಸ್ಟಿಕ್ ರೋಗಿಯ ಸೊಂಟದಿಂದ ಬಣ್ಣ ಉಕ್ಕಿತು. ಅನ್ನ ಉಕ್ಕಿ ಪಾತ್ರೆಯಂಚಿನಿಂದ ಎಲ್ಲ ಕಡೆಗೂ ಇಳಿಯುತ್ತದಲ್ಲ, ಹಾಗೆ. ಮೈಯ ಹತ್ತಿರ ಕೆಂಪು, ಅದರಾಚೆ ಹಳದಿ, ಇನ್ನೂ ಆಚೆ ಹಸಿರು, ಗೋಡೆ ಮುಟ್ಟುವ ಹೊತ್ತಿಗೆ ತೆಳ್ಳನೆಯ ನೀಲಿ. ಅದು ಗಾಳಿಯಲ್ಲಿ ನಿಂತಿತ್ತು. ಅದರೊಳಗೇ ಮರೈಕೆ ನಿಂತಿದ್ದಳು, ಸೊಂಟದವರೆಗೆ ಹಳದಿಯಲ್ಲಿ ಮುಳುಗಿ. ಅವಳು ಕಾಲು ತೆಗೆದಳು, ಎಲ್ಲ ಮಾಯ. ಮತ್ತೆ ಒತ್ತಿದಳು, ಮತ್ತೆ ಉಕ್ಕಿತು. ನನಗೇ ಗೊತ್ತಿಲ್ಲದೆ ಕೈ ಮುಗಿದುಬಿಟ್ಟಿದ್ದೆ. ಮುಗಿದ ಕೈಗಳು ಹಳದಿಯಾಗಿದ್ದವು.

ಹದಿನಾಲ್ಕು ವರ್ಷ ನಾನು ಇದರ ಜೊತೆ ಕೆಲಸ ಮಾಡಿದ್ದೇನೆ. ಇದಕ್ಕೆ ಹೆದರಿದ್ದೇನೆ, ಬಸುರಿಯಾಗಿದ್ದಾಗ ಇದರಿಂದ ದೂರ ಓಡಿದ್ದೇನೆ, ಇದರ ಹೆಸರು ಹೇಳಿ ಬೇರೆಯವರನ್ನು ಗದರಿದ್ದೇನೆ. ಒಂದು ದಿನವೂ ಇದರ ಮುಖ ನೋಡಿರಲಿಲ್ಲ. ಈಗ ಅದು ನನ್ನ ಮುಂದೆ ಕೋಣೆ ತುಂಬ ನಿಂತಿತ್ತು, ಎಷ್ಟು ಚಂದ ಅಂದರೆ ಹೇಳಲು ನಾಚಿಕೆಯಾಗುತ್ತದೆ. ಮರೈಕೆ ಸೂರಿಗೆ ನೇತುಹಾಕಿದ್ದ ಸೀಸದ ಗಾಜನ್ನು ಎಳೆದು ತನಗೂ ರೋಗಿಗೂ ನಡುವೆ ನಿಲ್ಲಿಸಿದಳು. ಬಣ್ಣ ಕತ್ತರಿಸಿದ ಹಾಗೆ ಅಲ್ಲೇ ತುಂಡಾಯಿತು, ಗಾಜಿನ ಹಿಂದೆ ಬರೀ ಕೋಣೆ. ನಾನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ, ಹಳದಿ ಹಸಿರಾಯಿತು. ಇನ್ನೊಂದು ಹೆಜ್ಜೆ, ನೀಲಿ. ಎರಡೇ ಎರಡು ಹೆಜ್ಜೆಗೆ ಇಷ್ಟು ವ್ಯತ್ಯಾಸವೆಂದು ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

"ಇದು ಎಲ್ಲಿಂದ ಬರುತ್ತಿದೆ ಹೇಳಿ," ಎಂದು ಮರೈಕೆ ಕೇಳಿದಳು. ನಾನು ಠೀವಿಯಿಂದ ಮೇಲಿನ ಡ್ರಮ್ಮು ತೋರಿಸಿದೆ. ಅವಳು ನನ್ನ ಭುಜ ಹಿಡಿದು ಬಗ್ಗಿಸಿದಳು. ಕಿರಣ ಹುಟ್ಟುವ ಕೊಳವೆ ಇದ್ದದ್ದು ಟೇಬಲ್ಲಿನ ಅಡಿಯಲ್ಲಿ. ಮೇಲಿನ ಡ್ರಮ್ಮು ಬರೀ ಚಿತ್ರ ಹಿಡಿಯುವುದು. ಕಿರಣ ಕೆಳಗಿನಿಂದ ಎದ್ದು, ಮಲಗಿದವರ ಮೈಗೆ ಬಡಿದು, ಅಲ್ಲಿಂದ ಚದುರುತ್ತದೆ, ಅದರಲ್ಲಿ ಹೆಚ್ಚಿನದು ಮತ್ತೆ ಕೆಳಗೇ ಬೀಳುತ್ತದೆ. ಟೇಬಲ್ಲಿನ ಕೆಳಗೆ ಹಳದಿ ಇಲ್ಲ, ಹಸಿರು ಇಲ್ಲ. ಅಲ್ಲಿ ಬರೀ ಕೆಂಪು.

ನಾನು ಬಗ್ಗಿದವಳು ಬಗ್ಗಿದ ಹಾಗೇ ಇದ್ದೆ. ತಿಪ್ಪೇಸ್ವಾಮಿ ಗೋಡೆಯ ಕಡೆ ನೋಡುತ್ತ ನಿಂತಿದ್ದ.

ಅದೇ ದಿನ, ಊಟ ಆದ ಮೇಲೆ

"ನಿಮ್ಮ ಆಸ್ಪತ್ರೆಯಲ್ಲಿ ಹೇಗೆ ಮಾಡುತ್ತೀರಿ, ಹಾಗೇ ಮಾಡಿ ತೋರಿಸಿ," ಎಂದರು ಅಲ್ಲಿಯವರು. ತಿಪ್ಪೇಸ್ವಾಮಿಯನ್ನು ಡಾಕ್ಟರು ಮಾಡಿ ಪೆಡಲ್ ಹತ್ತಿರ ನಿಲ್ಲಿಸಿದೆವು. ಗಿಡ್ಡ ಸ್ಟೂಲು ಸಿಗದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬೋರಲು ಹಾಕಿದೆ. ಹಾಕುವಾಗಲೇ ನನಗೆ ಗೊತ್ತಿತ್ತು. ಆದರೂ ಕೂತು ನೋಡದೆ ಇರಲಾಗಲಿಲ್ಲ. ಪೆಟ್ಟಿಗೆಯ ಮೇಲೆ ಕೂತು, ಟೇಬಲ್ಲಿನ ಬದಿಯಿಂದ ಇಳಿಬಿದ್ದಿದ್ದ ಪ್ಲಾಸ್ಟಿಕ್ ಕೈಯನ್ನು ಹಿಡಿದುಕೊಂಡೆ.

"ಬಿಸಿಲು!" ಎಂದ ತಿಪ್ಪೇಸ್ವಾಮಿ, ರೂಢಿಯ ಮೇಲೆ.

ನನ್ನ ಮಡಿಲು ಕೆಂಪಾಯಿತು. ನನ್ನ ಕೈ, ಹಿಡಿದ ಕೈ, ಮೊಣಕಾಲು ಎಲ್ಲ ಕೆಂಪು. ತಲೆ ಎತ್ತಿದೆ, ಮುಖದ ಮುಂದೆಯೂ ಅದೇ ಕೆಂಪು. ಆಪರೇಷನ್ ನಡೆಯುವಾಗ ಡಾಕ್ಟರು ಹೇಗೆ ಬಿಟ್ಟು ಬಿಟ್ಟು ಒತ್ತುತ್ತಾರೋ ತಿಪ್ಪೇಸ್ವಾಮಿ ಹಾಗೇ ಒತ್ತುತ್ತಿದ್ದ. ಕೆಂಪು ಹೋಗುವುದು, ಬರುವುದು, ಹೋಗುವುದು, ಬರುವುದು. ವಾರಕ್ಕೆ ನಾಲ್ಕು ಐದು ಆಪರೇಷನ್, ಹನ್ನೊಂದು ವರ್ಷ. ಓಬಕ್ಕ ಇಲ್ಲಿ ಕೂತು ಸೊಸೆ ಹೆಂಗೆ ಎಂದು ಕೇಳುತ್ತಿದ್ದಳು.

"ಕಾಲು ತೆಗಿಯಪ್ಪ," ಎಂದೆ. ಅವನಿಗೆ ಕೇಳಿಸಲಿಲ್ಲ. "ಲೇ ತಿಪ್ಪೇಸ್ವಾಮಿ, ಕಾಲು ತೆಗಿ!"

ಮರೈಕೆ ಕನ್ನಡಕ ಬಿಚ್ಚಿಸಿ ನೀರು ಕೊಟ್ಟಳು. "ಇಲ್ಲಿ ಯಾರು ಕೂರುತ್ತಾರೆ?"

"ಓಬಕ್ಕ. ನಮ್ಮ ಆಯಾ."

"ಏಪ್ರನ್?"

"ಇಲ್ಲ."

"ಕಿರಣ ಅಳೆಯುವ ಬ್ಯಾಡ್ಜು?"

ಅದೂ ಇರಲಿಲ್ಲ. ಬ್ಯಾಡ್ಜು ಬಿಸಿಲಲ್ಲಿ ನಿಲ್ಲುವ ನಮಗೆ ಮಾತ್ರ. ನೆರಳಲ್ಲಿ ಕೂತವಳಿಗೆ ಯಾಕೆ ಎಂದು ಕೊಟ್ಟಿರಲಿಲ್ಲ.

"ಈ ಕೋಣೆಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಇಲ್ಲ," ಎಂದಳು ಮರೈಕೆ. "ಅವರನ್ನು ಇಲ್ಲಿ ಕೂರಿಸಿದವರು ಯಾರು?"

"ನಾನು," ಎಂದೆ.

ನಮ್ಮ ಕಡೆಯವರಾಗಿದ್ದರೆ ಅಲ್ಲಿಗೆ ಮಾತು ಬಿಡುತ್ತಿದ್ದರು. ಅವಳು ಬಿಡಲಿಲ್ಲ. "ಅವರ ಕಣ್ಣು ಹೇಗಿದೆ? ಇದು ಕಣ್ಣಿಗೆ ಪೊರೆ ತರಬಲ್ಲದು," ಎಂದಳು. ಹೋದ ವರ್ಷ ಓಬಕ್ಕನ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಐವತ್ತೈದು ದಾಟಿತಲ್ಲ, ವಯಸ್ಸಾಯಿತು ಎಂದು ನಾವೆಲ್ಲ ತಮಾಷೆ ಮಾಡಿದ್ದೆವು. ವಯಸ್ಸಿನಿಂದಲೇ ಬಂದಿರಬಹುದಾ ಎಂದು ಕೇಳಿದೆ. ಬಂದಿರಬಹುದು ಎಂದಳು. ಇದರಿಂದ? ಇದರಿಂದಲೂ ಬಂದಿರಬಹುದು, ಯಾರೂ ಖಚಿತವಾಗಿ ಹೇಳಲಾರರು ಎಂದಳು.

ಕಾಯುವವರಿಲ್ಲದ ಕುರಿ

ಸಂಜೆ ಎಂಟಾದರೂ ಹೊರಗೆ ಬೆಳ್ಳಗೆ ಬಿಸಿಲಿತ್ತು. ಉಳಿದುಕೊಂಡ ಮನೆಯ ಹಿಂದೆ ಸಮುದ್ರ ತಡೆಯಲು ಕಟ್ಟಿದ ಉದ್ದನೆಯ ಏರಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿ. ತಲೆ ಕೆಟ್ಟಾಗ ಕುರಿ ನೋಡಿದರೆ ನನಗೆ ಸಮಾಧಾನ. ಏರಿಯ ಮೇಲಿಂದಲೇ ಹರಿಯಬ್ಬೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ನಡುರಾತ್ರಿ ಎಂಬುದು ನೆನಪಾದದ್ದು ಅಪ್ಪ ನಿದ್ದೆಗಣ್ಣಲ್ಲಿ ಕಂಡ ಮೇಲೆ. ಆದರೆ ಕುರಿ ತೋರಿಸಿದ್ದೇ ತಡ, ಎದ್ದು ಕೂತರು.

"ಏನವ್ವ, ಹಿಂಗೆ ಕೊಬ್ಯವೆ! ಕಾಯೋರು ಎಲ್ಲಿ?"

"ಕಾಯೋರು ಇಲ್ಲಪ್ಪ. ಬೇಲಿ ಐತೆ ಅಷ್ಟೇ."

"ಮನುಷ್ಯರೇ ಇಲ್ದೆ ಕುರಿ ಬಿಟ್ಟಾವ್ರಾ? ಅದೇನು ದೇಶನವ್ವ!" ಎಂದು ಅಪ್ಪ ಬಹಳ ಹೊತ್ತು ಒಪ್ಪಲಿಲ್ಲ. ತೋಳ ಇಲ್ಲ, ಕಳ್ಳರಿಲ್ಲ ಎಂದರೂ ಯಾರಾದರೂ ಒಬ್ಬರು ಇರಬೇಕಿತ್ತು ಎನ್ನುತ್ತಲೇ ಇದ್ದರು.

ಫೋನ್ ಇಟ್ಟ ಮೇಲೆ, ಜೊತೆಗೆ ಬಂದಿದ್ದ ತಿಪ್ಪೇಸ್ವಾಮಿ ಬಾಯಿ ಬಿಟ್ಟ. "ಸಿಸ್ಟ್ರೇ, ಒಂದು ಮಾತು. ಕೊಳವೆ ಕೆಳಗೈತೆ ಅಂತ ನಂಗೆ ಗೊತ್ತಿತ್ತು. ಕೋರ್ಸ್‌ನಾಗೆ ಓದಿದ್ದೆ."

ನಾನು ನಿಂತುಬಿಟ್ಟೆ. "ಗೊತ್ತಿತ್ತಾ? ಎರಡು ವರ್ಷದಿಂದ ಗೊತ್ತಿತ್ತಾ? ಬಾಯಿಗೆ ಏನಾಗಿತ್ತು ನಿಂಗೆ?"

"ಬಂದ ಮೊದಲನೇ ವಾರನೇ ಹೇಳಕ್ಕೆ ಬಂದಿದ್ದೆ ಕಣ್ರಿ. ಆಯಮ್ಮನ್ನ ಅಲ್ಲಿ ಕೂರಿಸಬ್ಯಾಡ್ರಿ ಅಂದೆ. ನೀವು, 'ನೀನು ನಿನ್ನ ಮಿಷನ್ ನೋಡ್ಕಳಪ್ಪ' ಅಂದ್ರಿ. ಆಮ್ಯಾಕೆ ನಂಗೆ ಧೈರ್ಯ ಬರ್ಲಿಲ್ಲ."

ನನಗೆ ಆ ಮಾತು ನೆನಪೇ ಇರಲಿಲ್ಲ. ಆದರೆ ಹಾಗೆ ಅಂದಿರುತ್ತೇನೆ. ನಾನು ಹಾಗೆ ಅನ್ನುವವಳೇ. ಅವನನ್ನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವನು ಏರಿಯ ಮೇಲೆ ತಲೆ ತಗ್ಗಿಸಿ ನಿಂತಿದ್ದ, ಅವನ ಕಣ್ಣಲ್ಲಿ ನೀರಿತ್ತು. "ನಡಿ ಹೋಗಾಣ, ಚಳಿ ಐತೆ," ಎಂದೆ.

ಮೊಳ ಹಾಕಿದ್ದು

ಉಳಿದ ದಿನಗಳಲ್ಲಿ ಬೇರೆಯವರು ಊರು ಸುತ್ತಿಸುತ್ತೇವೆ ಎಂದರೂ ನಾನು ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ಆ ಕೋಣೆಯಲ್ಲೇ ಇದ್ದೆ. ನನಗೆ ಬೇಕಿದ್ದದ್ದು ಒಂದೇ. ರೋಗಿಯ ಕೈ ಎಟುಕಬೇಕು, ಬಣ್ಣ ನೀಲಿಯಾಗಿರಬೇಕು. ಅಂಥದ್ದೊಂದು ಜಾಗ.

ಮರೈಕೆಗೆ ನನ್ನ ಹಟ ಅರ್ಥವಾಗಲಿಲ್ಲ. "ಅಲ್ಲಿ ಮನುಷ್ಯರು ಯಾಕೆ ಬೇಕು? ನಾವು ರೋಗಿಯ ಕಿವಿಗೆ ಹಾಡು ಹಾಕುತ್ತೇವೆ. ಆಯಾಳನ್ನು ಹೊರಗೆ ಕಳಿಸಿ," ಎಂದಳು. ನನಗಿರುವ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನೆಲ ಬಿಟ್ಟು ಎತ್ತರದ ಮಂಚದ ಮೇಲೆ ಒಂದು ದಿನವೂ ಮಲಗದ ಅಜ್ಜಿ, ಮುಖ ಮುಚ್ಚಿಕೊಂಡ ಗಂಡಸರ ನಡುವೆ, ಅರ್ಧ ಮೈ ತನ್ನದಲ್ಲದ ಹಾಗೆ ಬಿದ್ದುಕೊಂಡು ಸುತ್ತಿಗೆ ಸದ್ದು ಕೇಳುವುದನ್ನು ಹೇಗೆ ಹೇಳುವುದು? "ಅವರು ಹೆದರುತ್ತಾರೆ," ಎಂದೆ. "ಕೈ ಹಿಡಿದರೆ ಹೆದರುವುದಿಲ್ಲ."

ಅವಳು ಪ್ಲಾಸ್ಟಿಕ್ ರೋಗಿಯನ್ನು ಇಳಿಸಿ, ತಾನೇ ಟೇಬಲ್ಲು ಹತ್ತಿ ಮಲಗಿ, ಕೈ ಚಾಚಿ, "ಹಿಡಿಯಿರಿ," ಎಂದಳು. 

ಅವಳ ಕೈ ಹಿಡಿದುಕೊಂಡು ನಾನು ಟೇಬಲ್ಲಿನ ಸುತ್ತ ನಡೆದೆ. ತಿಪ್ಪೇಸ್ವಾಮಿ ಪೆಡಲ್ ಒತ್ತುತ್ತ, ಮಿಷನ್ನಿನ ತೋಳನ್ನು ಆ ಕೋನಕ್ಕೊಮ್ಮೆ ಈ ಕೋನಕ್ಕೊಮ್ಮೆ ತಿರುಗಿಸುತ್ತ ಹೋದ. ಅವನಿಗೆ ಎಷ್ಟು ಗೊತ್ತಿತ್ತು ಎಂದು ಆಗ ನೋಡಿದೆ. "ಇನ್ನೂ ತಲೆ ಕಡೆ ಬರ್ರಿ ಸಿಸ್ಟ್ರೇ. ರೋಗಿ ಕೈ ಇಡೋ ಹಲಗೆನ ಆ ಕಡೆ ತಿರುಗಿಸ್ರಿ. ಹಂಗೇ ನಿಂತ್ಕಳ್ರಿ, ಕುಂತ್ಕಬ್ಯಾಡ್ರಿ," ಎಂದು ಹೇಳುತ್ತಿದ್ದ. ನಾನು ಅವನು ಹೇಳಿದ ಹಾಗೆ ಮಾಡಿದೆ. ಕೆಂಪು ಹಳದಿಯಾಯಿತು, ಹಳದಿ ಹಸಿರಾಯಿತು. ಟೇಬಲ್ಲಿನ ತಲೆಯ ಕಡೆ, ಅರಿವಳಿಕೆ ಕೊಡುವವರ ಪಕ್ಕ, ನಿಂತುಕೊಂಡೇ ಕೈ ಹಿಡಿದಾಗ ಸುತ್ತ ತೆಳ್ಳನೆಯ ನೀಲಿ ಬಂತು. ಏಪ್ರನ್ ತೊಟ್ಟಾಗ ನನ್ನ ಮೈ ಹಿಂದೆ ಆ ನೀಲಿಯೂ ಇಲ್ಲ. ಮರೈಕೆಯ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ನನಗೆ ಆ ಬಣ್ಣ ನೋಡಿ ಅಳು ಬಂತು, ಅತ್ತೆ.

ಅಳತೆ ಬರೆದುಕೊಳ್ಳಲು ಅವರು ಟೇಪು ಹುಡುಕುವಷ್ಟರಲ್ಲಿ ನಾನು ಮೊಳ ಹಾಕಿ ಮುಗಿಸಿದ್ದೆ. ಸೊಂಟದಿಂದ ಮೂರು ಮೊಳ, ಮೇಲೊಂದು ಗೇಣು. ಮರೈಕೆ ಟೇಪು ಹಿಡಿದು ನೋಡಿ, ಸರಿಯಿದೆ ಎಂದು ತನ್ನ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡಳು. ಮೊಳ ಎಂಬ ಮಾತನ್ನು ಹತ್ತು ಸಲ ಹೇಳಿ ಕಲಿತಳು.

ಚಿತ್ರದುರ್ಗ

ಬಂದ ಮರುದಿನವೇ ಹೇಳಿದೆ. ಥಿಯೇಟರಿನಲ್ಲಿ ನಾವಿಬ್ಬರೇ ಇದ್ದೆವು, ಹಸಿರು ಬಟ್ಟೆ ಮಡಚುತ್ತ. ಓಬಕ್ಕ ಕೇಳುತ್ತ ಕೇಳುತ್ತ ಮಡಚುವುದನ್ನು ನಿಲ್ಲಿಸಿದಳು.

"ಹಂಗಾರೆ ಈ ಕಣ್ಣೂ ಅದ್ರಿಂದ್ಲೇ ಏನ್ರಿ ಸಿಸ್ಟ್ರೇ?"

"ಗೊತ್ತಿಲ್ಲ ಓಬಕ್ಕ. ಆಗಿರಬೌದು, ಆಗ್ದೇನೂ ಇರಬೌದು. ಡಾಕ್ಟ್ರಿಗೆ ಹೇಳೀನಿ, ಪೂರ್ತಿ ಪರೀಕ್ಷೆ ಮಾಡಿಸ್ತಾರೆ. ನಂದೇ ತಪ್ಪು."

ಇರಲಿ ಬಿಡಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಬೇಕಾಗಿಯೇ ಇತ್ತು ನನಗೆ ಆ ಮಾತು. ಅವಳು ಅನ್ನಲಿಲ್ಲ. ಮಡಚಿದ ಬಟ್ಟೆಗಳನ್ನು ಕಪಾಟಿನಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಎರಡು ದಿನ ಕೆಲಸಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಡಾಕ್ಟರು ಅವಳಿಗೆಂದು ಏಪ್ರನ್ನಿಗೂ ಬ್ಯಾಡ್ಜಿಗೂ ಹೇಳಿ ಕಳಿಸಿದರು, ಬರಲು ಒಂದು ವಾರ ಬೇಕಂತೆ. ಅವಳು ಇನ್ನು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಮೂರನೇ ದಿನ ಬೆಳಿಗ್ಗೆ ಬಂದಳು. ಆ ದಿನ ಹೊಸದುರ್ಗದ ಅಜ್ಜಿಯೊಬ್ಬರ ಸೊಂಟದ ಆಪರೇಷನ್ ಇತ್ತು. ಬಾಗಿಲಲ್ಲೇ ನಿಂತು, "ನಾನೆಲ್ಲಿ ಇರ್ಬೇಕು ಅಂತ ನೀವು ಹೇಳಬ್ಯಾಡ್ರಿ. ಬಿಸ್ಲು ಎಲ್ಲೆಲ್ಲಿ ಬೀಳತ್ತೆ ಅದನ್ನ ತೋರಿಸ್ರಿ. ನಾನೇ ನೋಡ್ಕಂತೀನಿ," ಎಂದಳು.

ಬಣ್ಣದ ಚಾಕ್‌ಪೀಸು ತರಿಸಿ ಪಕ್ಕದ ಕೋಣೆಯ ನೆಲದ ಮೇಲೆ ಬಿಡಿಸಿದೆ. ಟೇಬಲ್ಲು, ಕೊಳವೆ, ಕೆಂಪು, ಹಳದಿ, ಹಸಿರು, ನೀಲಿ. ತಿಪ್ಪೇಸ್ವಾಮಿ ತಪ್ಪಾದಲ್ಲಿ ತಿದ್ದಿದ. ಓಬಕ್ಕ ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಬೆರಳಿಟ್ಟು ನೋಡಿದಳು. ತಾನು ಕೂರುತ್ತಿದ್ದ ಜಾಗವನ್ನು ತಾನೇ ಗುರುತಿಸಿದಳು. ಆ ಕೆಂಪಿನ ಮೇಲಿಂದ ಬೆರಳು ತೆಗೆಯಲಿಲ್ಲ. ಆಮೇಲೆ ತಲೆ ಎತ್ತದೆ ಕೇಳಿದಳು:

"ನೀನೆಲ್ಲಿ ನಿಂತ್ಕಂತಿದ್ದೆ?"

ಹನ್ನೊಂದು ವರ್ಷದಲ್ಲಿ ಓಬಕ್ಕ ನನ್ನನ್ನು ನೀನು ಎಂದದ್ದು ಅದೇ ಮೊದಲು.

ಈ ಒಂದು ವಿಷಯವನ್ನು ಇಲ್ಲಿಯವರೆಗೆ ಬರೆಯದೆ ತಳ್ಳಿಕೊಂಡು ಬಂದಿದ್ದೇನೆ. ಅಲ್ಲಿ ಆ ಕೋಣೆಯಲ್ಲಿ ಮರೈಕೆಯ ಕೈ ಹಿಡಿದು ನಿಂತಾಗಲೇ ನನಗೆ ಗೊತ್ತಾಗಿತ್ತು. ನಾನು ಅತ್ತದ್ದು ಅದಕ್ಕೇ. ಟೇಬಲ್ಲಿನ ತಲೆಯ ಕಡೆ, ಅರಿವಳಿಕೆ ಕೊಡುವವರ ಪಕ್ಕ, ಸೊಂಟದಿಂದ ಮೂರು ಮೊಳ ಒಂದು ಗೇಣು ದೂರದ ಜಾಗ. ನಾನು ನೀಲಿ ಗೆರೆಯ ಮೇಲೆ ಬೆರಳಿಟ್ಟೆ.

"ಏಪ್ರನ್ ಬೇರೆ ಹಾಕ್ಕಂಡು," ಎಂದಳು ಓಬಕ್ಕ.

"ಹೂಂ."

ಅವಳು ಎದ್ದು ಕೈ ಚಾಚಿದಳು. ನಾನು ನನ್ನ ಏಪ್ರನ್ ತಂದು ತೊಡಿಸಿ, ಬೆನ್ನ ಹಿಂದೆ ಪಟ್ಟಿ ಬಿಗಿದೆ. ಆಪರೇಷನ್ ಶುರುವಾಯಿತು. ಏಪ್ರನ್ ಇಲ್ಲದ ನಾನು ಬಾಗಿಲ ಹೊರಗೆ ನಿಂತು ಸೀಸದ ಗಾಜಿನ ಕಿಂಡಿಯಿಂದ ನೋಡುತ್ತಿದ್ದೆ. ತಿಪ್ಪೇಸ್ವಾಮಿ ಕೈಹಲಗೆಯನ್ನು ಸ್ವಲ್ಪ ತಿರುಗಿಸಿದ, ಅಷ್ಟೇ. ಡಾಕ್ಟರು "ಬಿಸಿಲು!" ಎಂದರು. ಓಬಕ್ಕ ನನ್ನ ಜಾಗದಲ್ಲಿ ನಿಂತು ಅಜ್ಜಿಯ ಕೈ ಹಿಡಿದುಕೊಂಡು ಏನೋ ಕೇಳುತ್ತಿದ್ದಳು, ಅಜ್ಜಿ ಉತ್ತರ ಹೇಳುತ್ತಿದ್ದರು. ಅಲ್ಲಿಂದ ಕೈ ಆರಾಮಾಗಿ ಎಟುಕುತ್ತಿತ್ತು. ಹನ್ನೊಂದು ವರ್ಷವೂ ಎಟುಕುತ್ತಿತ್ತು.